ಸಮ ಮಾಡದೆ ಕೇಳಿಸಿದ ಹಾಡು

ಅಣ್ಣ ಎಸೆದ ಹೆಡ್‌ಫೋನ್ ತಂಗಿಯ ಹುಬ್ಬಿಗೆ ಬಡಿದು, ಗೋಡೆಗೆ ಒರಗಿಸಿದ್ದ ಮೈಕ್ ಸ್ಟ್ಯಾಂಡುಗಳ ಮೇಲೆ ಬಿತ್ತು. ತನ್ನ ಹಾಡುಗಳ ಮಿಕ್ಸಿಂಗ್ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದ ಗಾಯಕಿ ಕುಡಿಯುತ್ತಿದ್ದ ನೀರನ್ನು ಅರ್ಧಕ್ಕೇ ನಿಲ್ಲಿಸಿದಳು. ತಂಗಿ ಒಂದು ಕೈಯಲ್ಲಿ ಹುಬ್ಬು ಒತ್ತಿಕೊಂಡು ಇನ್ನೊಂದರಲ್ಲಿ ಹೆಡ್‌ಫೋನ್ ಎತ್ತಿಟ್ಟಳು. ಆರು ವರ್ಷದಿಂದ ಈ ಸ್ಟುಡಿಯೋದಲ್ಲಿ ಅಣ್ಣನ ಕೈಕೆಳಗೆ ಕಸುಬು ಕಲಿತವಳು, ಪಾಠಕ್ಕೊಂದು ಪೆಟ್ಟು ತಿಂದವಳು. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮನಸ್ಸು ಮಾತ್ರ ಬೆಣ್ಣೆ ಎಂದು ನೆಂಟರೆಲ್ಲ ಹೇಳುತ್ತಿದ್ದರು. ನೆಂಟರಿಗೇನು, ಏಟು ಬೀಳುತ್ತಿದ್ದದ್ದು ಅವರಿಗಲ್ಲವಲ್ಲ.

ಜಗಳ ಶುರುವಾದದ್ದು ಒಂದು ಪ್ಲಗಿನ್ನಿನಿಂದ. ಅಣ್ಣನ ಹತ್ತಿರ ಹಳೇ ರೇಡಿಯೋಗಳಲ್ಲಿದ್ದಂಥ ವಾಲ್ವುಗಳ ಹಳೆಯ ಪೆಟ್ಟಿಗೆಯೊಂದಿತ್ತು. ಅದರ ಗಾಜಿನ ಬುರುಡೆಗಳು ಕಾದು ಕೆಂಪಗಾದ ಮೇಲೆ ಹಾಯಿಸಿದ ದನಿ, ಸಣ್ಣ ಉರಿಯಲ್ಲಿ ಕಾಯಿಸಿದ ಹಾಲು ಕೆನೆಗಟ್ಟುವ ಹಾಗೆ, ತುಸು ದಪ್ಪಗೆ ಬೆಚ್ಚಗೆ ಹೊರಬರುತ್ತಿತ್ತು. ಕಸುಬಿನವರು ಇದಕ್ಕೆ ಸ್ಯಾಚುರೇಶನ್ ಎನ್ನುತ್ತಾರೆ. ಅಣ್ಣ ಆ ಪೆಟ್ಟಿಗೆಗೆ ಮುದುಕಪ್ಪ ಎಂದು ಹೆಸರಿಟ್ಟಿದ್ದ, ದಿನಾ ಬಟ್ಟೆಯಲ್ಲಿ ಒರೆಸುತ್ತಿದ್ದ. ತಂಗಿ ಅದೇ ಕೆಲಸ ಮಾಡುವ ಸಾಫ್ಟ್‌ವೇರ್, ಅಂದರೆ ಪ್ಲಗಿನ್ ಒಂದನ್ನು ಇಂಟರ್‌ನೆಟ್ಟಿನಿಂದ ಬಿಟ್ಟಿಯಾಗಿ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಗಾಯಕಿಯ ದನಿಗೆ ಹಾಕಿ ಕೇಳಿಸಿದ್ದಳು. ಗಾಯಕಿ, ಚೆನ್ನಾಗಿದೆಯಲ್ಲ ಎಂದುಬಿಟ್ಟಳು. ಹೆಡ್‌ಫೋನ್ ಹಾರಿದ್ದು ಆಗಲೇ.

"ಬಿಟ್ಟಿ ಸಿಕ್ಕಿದ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅನ್ನೋ ಜಾತಿ ನಿಂದು," ಎಂದ ಅಣ್ಣ. "ಅದು ಮುದುಕಪ್ಪನ ಸಮಕ್ಕೆ ಬರುತ್ತಾ? ಕಣ್ಣು ಮುಚ್ಚಿ ಹೇಳ್ತೀನಿ ಯಾವುದು ಯಾವುದು ಅಂತ."

"ಹೇಳು ನೋಡೋಣ," ಎಂದಳು ತಂಗಿ. ಬಾಯಿಂದ ಬಂದ ಮೇಲೆ ಅವಳಿಗೇ ಭಯವಾಯಿತು.

"ಹೇಳದಿದ್ರೆ ನಾನು ಕೂತು ಮಿಕ್ಸ್ ಮಾಡೋ ಈ ಕುರ್ಚಿ ನಿಂದು."

"ಕುರ್ಚಿ ಇರಲಿ. ಹೇಳದಿದ್ರೆ ಇನ್ನು ಮೇಲೆ ನನ್ನ ಮೇಲೆ ಕೈ ಎತ್ತಬಾರದು. ಇವರೇ ಸಾಕ್ಷಿ."

ಅಣ್ಣ ನಕ್ಕು ಒಪ್ಪಿದ. ತಂಗಿಗೆ ಅದು ನಗೆಯ ಮಾತಾಗಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮೆಟ್ಟಿಲು ಹತ್ತುವಾಗ ಇವತ್ತು ಏನು ಹಾರಿ ಬರುತ್ತದೋ ಎಂದು ಎಣಿಸಬೇಕಾಗದಿದ್ದರೆ ಸಾಕು, ಅವಳಿಗೆ ಬೇರೆ ಯಾವ ಬಹುಮಾನವೂ ಬೇಕಿರಲಿಲ್ಲ.

ಒಂದೇ ಹಾಡನ್ನು ಮುದುಕಪ್ಪನ ಮೂಲಕ ಹಾಯಿಸಿ ಒಂದು ಟ್ರ್ಯಾಕ್ ಮಾಡಿದರು, ಪ್ಲಗಿನ್ನಿನ ಮೂಲಕ ಹಾಯಿಸಿ ಇನ್ನೊಂದು. ಅಣ್ಣ ಬೆನ್ನು ತಿರುಗಿಸಿ ಕೂತ. ಗಾಯಕಿ ಕೀಲಿ ಒತ್ತಿ ಒಮ್ಮೆ ಅದನ್ನು, ಒಮ್ಮೆ ಇದನ್ನು ಕೇಳಿಸಿದಳು. ಅಣ್ಣ ಕ್ಷಣವೂ ಯೋಚಿಸಲಿಲ್ಲ. "ಎರಡನೇದು ಮುದುಕಪ್ಪ. ಆ ತುಂಬು ನೋಡಿ, ಹಾಡೋರು ಎದುರಿಗೇ ಬಂದು ಕೂತ ಹಾಗಿದೆ. ಮೊದಲನೇದು ಸಪ್ಪೆ."

ಎರಡನೆಯದು ತಂಗಿಯದಾಗಿತ್ತು. ಗಾಯಕಿ ಅದನ್ನು ಆದಷ್ಟು ಮೆತ್ತಗೆ ಹೇಳಿದಳು. ಅಣ್ಣ ಇನ್ನೊಮ್ಮೆ ಎಂದ. ಮತ್ತೆ ತಪ್ಪಿದ. ಮೂರನೆಯ ಸಲವೂ ತಪ್ಪಿದಾಗ ಅವನ ಕತ್ತು ಕೆಂಪೇರಿದ್ದು ಹಿಂದಿನಿಂದಲೇ ಕಾಣುತ್ತಿತ್ತು. ತಂಗಿ ಅಭ್ಯಾಸಬಲದಿಂದ ಬಾಗಿಲ ಕಡೆಗೆ ಸರಿದಳು.

ಮಾತು ಕೊಟ್ಟಿದ್ದನಲ್ಲ, ಅವಳನ್ನು ಮುಟ್ಟಲಿಲ್ಲ. ಮೈಕ್ ಸ್ಟ್ಯಾಂಡಿನ ಕಬ್ಬಿಣದ ದುಂಡು ಬುಡವನ್ನು ಎರಡೂ ಕೈಯಲ್ಲಿ ಎತ್ತಿ ಮುದುಕಪ್ಪನ ಮೇಲೆ ಬಿಟ್ಟ. ತಗಡು ತಗ್ಗಿತು. ಎರಡನೆಯ ಏಟಿಗೆ ಬುರುಡೆಗಳು ಒಂದೊಂದಾಗಿ ಪಟಪಟ ಒಡೆದವು. "ನಂಬಿಸಿ ಕತ್ತು ಕೊಯ್ದ, ಮೋಸಗಾರ," ಎನ್ನುತ್ತ ಹರಿದ ತಗಡಿನೊಳಗೆ ಬಲಗೈ ತೂರಿಸಿ ತಂತಿಗಳನ್ನು ಕಿತ್ತ. ಕರೆಂಟು ಇನ್ನೂ ಇತ್ತು. ಅವನು ಮೈಯೆಲ್ಲ ಸೆಟೆದು ಹಿಂದಕ್ಕೆ ಬಿದ್ದ. ಬೀಳುವಾಗ ತಗಡಿನ ಅಂಚು ಅಂಗೈಯಿಂದ ಬೆರಳ ಬುಡದವರೆಗೆ ಸೀಳಿತು. ಗಾಯಕಿ ಗೋಡೆಯ ಪ್ಲಗ್ ಕಿತ್ತಳು. ತಂಗಿ ತನ್ನ ದುಪಟ್ಟಾ ಸುತ್ತಿ ಅವನ ಕೈಯನ್ನು ಎದೆಗೆ ಒತ್ತಿ ಹಿಡಿದಳು. ರಕ್ತ ಬಟ್ಟೆ ದಾಟಿ ಬಿಸಿಬಿಸಿಯಾಗಿ ಅವಳ ಹೊಟ್ಟೆಯ ಮೇಲೆ ಇಳಿಯಿತು.

ಆಸ್ಪತ್ರೆಯಲ್ಲಿ ಹದಿನೆಂಟು ಹೊಲಿಗೆ ಹಾಕಿದರು. ಎರಡು ಬೆರಳು ಮೊದಲಿನಂತೆ ಮಡಚಲಾರವು ಎಂದರು ಡಾಕ್ಟರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ.

ವಾರ ಕಳೆದು ಸ್ಟುಡಿಯೋಗೆ ಬಂದ ಅಣ್ಣ ಬೇರೆಯೇ ಮನುಷ್ಯನಾಗಿದ್ದ. ಹಿಂದಿನ ಸೋಫಾದಲ್ಲಿ ಬ್ಯಾಂಡೇಜಿನ ಕೈ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ತಂಗಿ ಏನಾದರೂ ಕೇಳಿದರೆ, "ನನ್ನನ್ನ ಯಾಕೆ ಕೇಳ್ತೀಯ, ಕಿವಿ ಸತ್ತವನನ್ನ," ಎನ್ನುತ್ತಿದ್ದ. ಕೂಗಲಿಲ್ಲ, ಎಸೆಯಲಿಲ್ಲ. ಹೇಳಬೇಕೆಂದರೆ ಅವು ತಂಗಿಯ ಸುಖದ ದಿನಗಳು. ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಗುನುಗುತ್ತ ಕೆಲಸ ಮಾಡಿದಳು. ಅಣ್ಣನ ದುಃಖ ಕಂಡಾಗಲೆಲ್ಲ ಆ ಸುಖಕ್ಕೆ ನಾಚಿಕೆಯಾಗುತ್ತಿತ್ತು, ಆದರೂ ಸುಖ ಸುಖವೇ.

ಹಾಡನ್ನು ಗಾಯಕಿಗೆ ಕಳಿಸುವ ಮುಂಚೆ ಕೊನೆಯ ಸಲ ದನಿಯ ಮಟ್ಟ ತೋರಿಸುವ ಮೀಟರ್ ನೋಡಿದಳು. ಪಂದ್ಯದ ದಿನದ ಎರಡೂ ಟ್ರ್ಯಾಕುಗಳು ಅಲ್ಲೇ ಇದ್ದವು. ಪ್ಲಗಿನ್ನಿನದು ಮುದುಕಪ್ಪನದಕ್ಕಿಂತ ಒಂದು ಡೆಸಿಬೆಲ್ ಜೋರಾಗಿತ್ತು.

ಅವಳು ಎರಡನ್ನೂ ಮತ್ತೊಮ್ಮೆ ಹಾಕಿ ನೋಡಿದಳು, ಅಷ್ಟೇ ಇತ್ತು. ಒಂದೇ ದನಿಯನ್ನು ಚೂರು ಜೋರಾಗಿ ಕೇಳಿಸಿದರೂ ಕಿವಿ ಅದನ್ನೇ ಚೆಂದ ಎನ್ನುತ್ತದೆ. ಜೋರು ಎನ್ನುವುದಿಲ್ಲ, ತುಂಬು ಎನ್ನುತ್ತದೆ. ಅದಕ್ಕೇ ಎರಡನ್ನು ಹೋಲಿಸುವ ಮುಂಚೆ ಮಟ್ಟ ಸಮ ಮಾಡಿಕೊಳ್ಳಬೇಕು. ಕಸುಬಿನ ಮೊದಲ ಪಾಠ ಇದು, ಅಣ್ಣ ಇದನ್ನೂ ತಲೆಗೆ ಮೊಟಕಿಯೇ ಕಲಿಸಿದ್ದ. ಆ ದಿನ ಅವಳು ದನಿ ದಪ್ಪವಾಗಲೆಂದು ಪ್ಲಗಿನ್ನಿನ ಡ್ರೈವ್ ಏರಿಸಿದ್ದಳು, ಅದರಿಂದ ಹೆಚ್ಚಿದ ಜೋರನ್ನು ಔಟ್‌ಪುಟ್‌ನಲ್ಲಿ ಇಳಿಸಲು ಮರೆತಿದ್ದಳು. ಹುಬ್ಬು ಸಿಡಿಯುತ್ತಿತ್ತು, ಕಣ್ಣಿಗೆ ನೀರು ಬರುತ್ತಿತ್ತು. ಅಣ್ಣ ಕೂಡ ಬೆನ್ನು ತಿರುಗಿಸಿ ಕೂತನೇ ಹೊರತು ಸಮ ಮಾಡಿದೆಯಾ ಎಂದು ಕೇಳಲಿಲ್ಲ.

ಈಗ ಹೇಳಿದರೆ ಪಂದ್ಯ ಮುರಿಯುತ್ತದೆ, ಕೊಟ್ಟ ಮಾತೂ ಮುರಿಯುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲ ಇದ್ದ ಹಾಗೇ ಬಿಟ್ಟು ಹಾಡು ಕಳಿಸಿಬಿಡೋಣ ಎಂದು ತಿರುಗಿದಳು. ಅಣ್ಣ ಸೋಫಾದಲ್ಲಿ ಎಡಗೈಯ ಬೆರಳುಗಳನ್ನು ಒಂದು ಕಿವಿಯ ಹತ್ತಿರ ಉಜ್ಜಿ ಕೇಳಿಸಿಕೊಳ್ಳುತ್ತಿದ್ದ, ಆಮೇಲೆ ಇನ್ನೊಂದು ಕಿವಿಯ ಹತ್ತಿರ. ಮೂವತ್ತು ವರ್ಷ ಆ ಕಿವಿಯೊಂದನ್ನೇ ನಂಬಿ ಬದುಕಿದವನು. ಅವಳಿಗೆ ಕರುಳು ಕಿತ್ತು ಬಂತು.

"ಅಣ್ಣ, ನಿನ್ನ ಕಿವಿ ಸರಿಯಾಗೇ ಇದೆ. ಅವತ್ತು ನಾನು ಮಟ್ಟ ಸಮ ಮಾಡಿರ್ಲಿಲ್ಲ. ನಂದು ಜೋರಾಗಿತ್ತು."

ಅವನು ಎದ್ದು ಬಂದ. ಮೀಟರ್ ನೋಡಿದ. ಅವಳು ಕುರ್ಚಿಯಿಂದ ಏಳುವಷ್ಟರಲ್ಲಿ ಎಡಗೈ ಬೀಸಿ ಬಂತು. ಬಾಯಿ ಮೇಜಿನ ಅಂಚಿಗೆ ಬಡಿದು ತುಟಿ ಒಡೆಯಿತು, ಹಲ್ಲೊಂದು ಅಲುಗಾಡಿತು. ಕೂದಲು ಹಿಡಿದೆಳೆದು ಮತ್ತೆ ಕೂರಿಸಿದ.

"ಹಾಕು. ಸಮ ಮಾಡಿ ಹಾಕು."

ಸಮ ಮಾಡಿ ಹಾಕಿದಳು. ಅಣ್ಣ ಕಣ್ಣು ಮುಚ್ಚಿ, "ಇದು ಮುದುಕಪ್ಪ," ಎಂದ. ಸರಿಯಾಗಿತ್ತು. ಇನ್ನೊಮ್ಮೆ ಸರಿ. ಏಳು ಸಲ ಹಾಕಿಸಿದ, ಏಳೂ ಸರಿ. ಅವನು ಮಗುವಿನಂತೆ ನಕ್ಕ, ಕಣ್ಣಲ್ಲಿ ನೀರು ಬಂತು. "ನನ್ನ ಕಿವಿ ನೋಡಿದ್ಯಾ, ಎಲ್ಲೂ ಹೋಗಿಲ್ಲ," ಎಂದು ಅವಳ ಬೆನ್ನು ತಟ್ಟಿದ. ಅವಳ ಗಲ್ಲದಿಂದ ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಅಷ್ಟು ಹತ್ತಿರ ನಿಂತಿದ್ದರೂ ಅವನು ಅದನ್ನು ನೋಡಲಿಲ್ಲ.

ತಂಗಿಗೆ ಆಗ ಅಳು ಬರಲಿಲ್ಲ, ಕೋಪ ಬಂತು. ಅಣ್ಣನ ಮೇಲೆ ಅವಳಿಗೆ ಬಂದ ಮೊದಲ ಕೋಪ ಅದು, ಅದರ ಹಿಂದೆ ಹೆದರಿಕೆ ಇರಲಿಲ್ಲ. ತೋಳಿನಿಂದ ಬಾಯಿ ಒರೆಸಿಕೊಂಡು ಲ್ಯಾಪ್‌ಟಾಪಿನ ವೈರುಗಳನ್ನು ಒಂದೊಂದಾಗಿ ಬಿಚ್ಚಿದಳು.

"ಎಲ್ಲಿಗೆ?"

"ಮಿಕ್ಸ್ ಮುಗಿಸೋಕೆ."

"ಒಂದು ಏಟಿಗೆ ಇಷ್ಟೆಲ್ಲ ಆಟನಾ? ಕೂತ್ಕೋ."

ಅವನು ಲ್ಯಾಪ್‌ಟಾಪಿಗೆ ಕೈ ಹಾಕಿದ. ತಂಗಿ ಅವನ ಬ್ಯಾಂಡೇಜಿನ ಕೈಯನ್ನು ಹಿಡಿದು, ಹೊಲಿಗೆಗಳ ಮೇಲೆ ಹೆಬ್ಬೆರಳು ಊರಿ, ಇದ್ದ ಬಲವೆಲ್ಲ ಹಾಕಿ ಒತ್ತಿದಳು. ಅಣ್ಣ ಮಂಡಿಯೂರಿ ಕುಸಿದ. ಬಿಳಿ ಬಟ್ಟೆ ಕೆಂಪಾಗುವ ತನಕ ಅವಳು ಬಿಡಲಿಲ್ಲ. ಬಿಟ್ಟ ಮೇಲೂ ಅವಳಿಗೆ ಅಯ್ಯೋ ಎನಿಸಲಿಲ್ಲ. ಅದಕ್ಕೆ ಅವಳಿಗೇ ಹೆದರಿಕೆಯಾಯಿತು.

"ಪಂದ್ಯ ನೀನೇ ಗೆದ್ದೆ, ಅಣ್ಣ. ಕುರ್ಚಿ ನಿಂದೇ," ಎಂದಳು. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು. ಅವನು ಹಿಂದಿನಿಂದ ಅವಳನ್ನು ಕರೆಯುತ್ತಲೇ ಇದ್ದ, ಅವಳು ಬೀದಿಗೆ ಬಂದ ಮೇಲೂ.