ದಿನ್ನಿ ತಿರುವಿನಲ್ಲಿ ಕಡಿದ ಮಾತು

ನಾನು ಸಿಟ್ಟಿನವಳು. ಸವದತ್ತಿಯ ನನ್ನ ವರ್ಕ್‌ಶಾಪಿನಲ್ಲಿ ಸ್ಕ್ರೂಡ್ರೈವರ್ ಕೂಡ ಶಿವಾನಿಯ ಬೈಗುಳ ತಿಂದೇ ಕೆಲಸ ಮಾಡುತ್ತದೆ ಎಂದು ನಮ್ಮಪ್ಪ ಚೇಷ್ಟೆ ಮಾಡುತ್ತಾರೆ. ಆ ದಿನ ಬೈಗುಳ ತಿಂದವನು ಆಂಬುಲೆನ್ಸ್ ಡ್ರೈವರ್ ಭೀಮಶಿ.

ರಾಮದುರ್ಗದ ಆಸ್ಪತ್ರೆಯೊಂದರ ಆಂಬುಲೆನ್ಸಿನ ಮೇಲೆ ನಾನು ಹೊಸ ಆಂಟೆನಾ ಕೂರಿಸಿದ್ದೆ. ಗಾಡಿ ಓಡುತ್ತಿರುವಾಗಲೇ ಒಳಗಿನ ರೋಗಿಯನ್ನು ಡಾಕ್ಟರು ಆಸ್ಪತ್ರೆಯಲ್ಲಿ ಕುಳಿತು ಪರದೆಯ ಮೇಲೆ ನೋಡಬೇಕು, ನರ್ಸಿಗೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳಬೇಕು. ಸಾಮಾನ್ಯ ಆಂಟೆನಾ ಎಲ್ಲ ದಿಕ್ಕಿಗೂ ಕೂಗುತ್ತದೆ, ದೂರದ ಟವರಿಗೆ ದನಿ ಮುಟ್ಟುವುದಿಲ್ಲ. ಹೊಲದ ಆಚೆ ಬದುವಿನಲ್ಲಿದ್ದವರನ್ನು ಕರೆಯುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ನನ್ನದು ಹಾಗೆ ಒಂದೇ ಕಡೆ ಕೂಗುತ್ತದೆ. ಗಾಡಿ ಎತ್ತ ಹೊರಳಿದರೂ, ಅದರ ಜೊತೆಗಿನ ಡಬ್ಬಿಯೊಳಗಿನ ದಿಕ್ಸೂಚಿ ತೋರಿಸಿದಂತೆ ಮೋಟರ್ ಅದನ್ನು ಟವರಿನ ಕಡೆಗೇ ತಿರುಗಿಸುತ್ತಿರಬೇಕು.

ಇದು ನಡೆಯಲಿ ಎಂದು ನನಗಿಂತ ಹೆಚ್ಚು ಹಂಬಲಿಸಿದವನು ಭೀಮಶಿ. ಕೆಲವು ವರ್ಷಗಳ ಹಿಂದೆ, ತುಂಬು ಗರ್ಭಿಣಿ ಹೆಂಡತಿ ದುರ್ಗಾಗೆ ರಕ್ತ ಹೋಗತೊಡಗಿದಾಗ, ಅವಳನ್ನು ತನ್ನ ಟಂಟಂ ರಿಕ್ಷಾದಲ್ಲಿ ಮಲಗಿಸಿಕೊಂಡು ಸಾಲಹಳ್ಳಿಯಿಂದ ರಾಮದುರ್ಗಕ್ಕೆ ಹೊರಟಿದ್ದ. ಫೋನಿನಲ್ಲಿ ಆ ಆಸ್ಪತ್ರೆಯ ಡಾಕ್ಟರ್ ಸ್ನೇಹಲ್ ಇದ್ದರು. ದಿಬ್ಬ ಅಡ್ಡ ಬರುವ ದಿನ್ನಿ ತಿರುವಿನಲ್ಲಿ ಅವರು, “ಭೀಮಶಿ, ಗಾಡಿ...” ಎಂದರು. ಅಷ್ಟಕ್ಕೇ ಲೈನು ಕಡಿಯಿತು. ನಿಲ್ಲಿಸಿ ಎಂದರೋ, ಓಡಿಸಿ ಎಂದರೋ ಗೊತ್ತಾಗಲಿಲ್ಲ. ಅವನು ಓಡಿಸಿದ. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ಮುಂದೆ ಅದೇ ಆಸ್ಪತ್ರೆಯ ಆಂಬುಲೆನ್ಸಿಗೆ ಡ್ರೈವರಾದ. ಆದರೆ ಸ್ನೇಹಲ್ ಎದುರಾದರೆ ತಲೆ ತಗ್ಗಿಸಿ ಸರಿದುಬಿಡುತ್ತಿದ್ದ. ಗಾಡಿ ನಿಲ್ಲಿಸಿ ಏನೋ ಮಾಡಬೇಕಿತ್ತು, ತಾನು ಮಾಡಲಿಲ್ಲ ಎಂಬ ಹುಳ ಅವನನ್ನು ಒಳಗೇ ಕೊರೆಯುತ್ತಿತ್ತು. ಆಂಟೆನಾ ಕೂರಿಸುವಾಗ ಏಣಿ ಹಿಡಿದು ನಿಂತು ಇದನ್ನೆಲ್ಲ ನನಗೆ ಹೇಳಿದ್ದ.

ಪರೀಕ್ಷೆಯ ದಿನ ಸ್ನೇಹಲ್ ಆಸ್ಪತ್ರೆಯಲ್ಲಿ ಪರದೆಯ ಮುಂದೆ ಕುಳಿತರು. ಗಾಡಿಯೊಳಗಿನ ಪರದೆಯಲ್ಲಿ ಅವರು ನಮಗೂ ಕಾಣುತ್ತಿದ್ದರು. ದಿನ್ನಿ ತಿರುವಿನಲ್ಲಿ ಚಿತ್ರ ನಿಂತರೆ ಆಂಟೆನಾ ಬಿಚ್ಚಿಸುತ್ತೇನೆ ಎಂದು ಮೊದಲೇ ಹೇಳಿದ್ದರು. ನಾವು ಸಾಲಹಳ್ಳಿಯಿಂದ ಹೊರಟೆವು. ತಿರುವಿನ ಮಾತು ಹಾಗಿರಲಿ, ಊರು ದಾಟುವ ಮೊದಲೇ ಚಿತ್ರ ನಿಂತುಹೋಯಿತು. ಇಳಿದು ನೋಡಿದರೆ ಟವರ್ ಒಂದು ಕಡೆ, ನನ್ನ ಆಂಟೆನಾದ ಮುಖ ಇನ್ನೊಂದು ಕಡೆ. ಅದು ಜೋಳದ ಹೊಲ ನೋಡುತ್ತ ಆರಾಮಾಗಿತ್ತು. ಏಣಿ ಹತ್ತಿದೆ. ಡಬ್ಬಿಯ ಬುಡದಲ್ಲಿ, ಕರಿದಾರದಲ್ಲಿ ಕಟ್ಟಿದ ಕುದುರೆ ನಾಲು, ಅಂದರೆ ಕಬ್ಬಿಣದ ಲಾಳ, ಜೋತಾಡುತ್ತಿತ್ತು!

“ಇದನ್ನ ಯಾರ್ ಕಟ್ಟ್ಯಾರ?” ಎಂದು ಕಿರುಚಿದೆ.

“ನಾನಽ ರೀ ಅಕ್ಕಾರ,” ಎಂದ ಭೀಮಶಿ. “ಉಗರಗೋಳದ ಸಂತ್ಯಾಗಿಂದ ತಂದೆ. ಹೋಗೂ ಬರೂ ಮಂದಿಯೆಲ್ಲ ಈ ಆಂಟೆನಾನಽ ನೋಡಾಕತ್ತಿದ್ರು. ಕೆಟ್ಟ ನದರ ಬೀಳಬಾರ್ದಂತ...”

“ತಲಿ ಐತೇನ್ ನಿನಗ? ಹತ್ರ ಕಬ್ಬಿಣ ಇದ್ರ ದಿಕ್ಸೂಚಿ ಹಾದಿ ತಪ್ಪತೈತಿ!”

ಅವನ ಮುಖ ಸುಣ್ಣವಾಯಿತು. “ಮತ್ತ ನಾನಽ ಕೆಡಿಸಿದ್ನೇನ್ರಿ?” ಎಂದ.

ಆ ‘ಮತ್ತ’ ಕೇಳಿ ನನ್ನ ಸಿಟ್ಟು ಜರ್ರನೆ ಇಳಿಯಿತು. ಅವನು ಏಣಿ ಹತ್ತಿ ಬಂದು ದಾರ ಹರಿಯಲು ಕೈ ಹಾಕಿದ. ಬಿಚ್ಚಿ ಬಿಸಾಡಿದರೆ ಕೆಲಸ ಮುಗಿಯುತ್ತಿತ್ತು, ನಿಜ. ಆದರೆ ನಾಳೆ ಇನ್ನಾವುದೋ ಕಾರಣಕ್ಕೆ ಚಿತ್ರ ನಿಂತರೆ, ನಾಲು ಬಿಚ್ಚಿದ್ದಕ್ಕೇ ಹೀಗಾಯಿತೆಂದು ಈ ಮನುಷ್ಯ ಇನ್ನೊಂದು ಹುಳ ಬಿಟ್ಟುಕೊಳ್ಳುತ್ತಾನೆ. ನಾನು ಅವನ ಕೈ ಹಿಡಿದೆ.

“ಇರ್ಲಿ ಬಿಡಣ್ಣಾ. ಜೋತಾಡಬಾರ್ದು ಅಷ್ಟಽ.”

ಕಬ್ಬಿಣ ಅಲ್ಲಾಡದೆ ಒಂದೇ ಕಡೆ ಇದ್ದರೆ, ಅದು ಎಷ್ಟು ಎಳೆಯುತ್ತದೆಂದು ದಿಕ್ಸೂಚಿಗೆ ಕಲಿಸಿಕೊಡಬಹುದು. ಅದಕ್ಕೆ ಗಾಡಿಯನ್ನು ಮೆಲ್ಲಗೆ ಸುತ್ತು ಹಾಕಿಸಬೇಕು. ನಾಲನ್ನು ಸ್ಕ್ರೂ ಹಾಕಿ ಬಿಗಿದೆ. ಊರ ಹೊರಗಿನ ಬಯಲಿನಲ್ಲಿ ಭೀಮಶಿ ಸುತ್ತು ಹಾಕತೊಡಗಿದ, ನಾನು ಲ್ಯಾಪ್‌ಟಾಪ್ ಹಿಡಿದು ಕುಳಿತೆ. ಕುರಿ ಬಿಟ್ಟುಕೊಂಡು ಬಂದ ಮುದುಕನೊಬ್ಬ ನಿಂತು, “ದೇವರಿಲ್ಲದಲ್ಲಿ ಯಾರಿಗ್ರೀ ಈ ಪ್ರದಕ್ಷಿಣಿ?” ಎಂದು ಕೇಳಿದ. ಇಬ್ಬರಿಗೂ ನಗು ಬಂತು.

ಮತ್ತೆ ಹೊರಟೆವು. ಊರು ದಾಟಿತು, ಚಿತ್ರ ನಿಲ್ಲಲಿಲ್ಲ. ದಿನ್ನಿ ಬಂತು. ಗಾಡಿ ಹೊರಳುತ್ತಿದ್ದಂತೆ ಮೇಲೆ ಮೋಟರ್ ಗುಂಯ್ ಎಂದಿತು. “ಶಿವಾನಿ, ಸ್ವಚ್ಛ ಕಾಣಾಕತ್ತೈತಿ,” ಎಂದರು ಸ್ನೇಹಲ್. ನಾನು ಉಸಿರು ಬಿಟ್ಟೆ.

ಆಗ ಮುಂದಿನ ಸೀಟಿನಿಂದ, ರಸ್ತೆಯ ಮೇಲಿನ ಕಣ್ಣು ಕೀಳದೆ, ಭೀಮಶಿ ಗಟ್ಟಿಯಾಗಿ ಕೇಳಿದ: “ಡಾಕ್ಟರಬಾಯಾರ, ಆವತ್ತ ಇದಽ ತಿರುವಿನ್ಯಾಗ ಗಾಡಿ ಅಂದ್ರಿ. ಮುಂದ ಏನಂದ್ರಿ?”

ಪರದೆಯಲ್ಲಿ ಸ್ನೇಹಲ್ ಅಲ್ಲಾಡಲಿಲ್ಲ. ಚಿತ್ರ ನಿಂತೇಹೋಯಿತೆಂದುಕೊಂಡೆ. ಆಮೇಲೆ ಅವರು ಕನ್ನಡಕ ತೆಗೆದರು.

“ಗಾಡಿ ನಿಂದ್ರಸಬ್ಯಾಡ್ರಿ, ಹಂಗಽ ಬರ್ರಿ ಅಂದೆ.”

“ನಿಂದ್ರಸಲಿಲ್ರಿ,” ಎಂದ ಭೀಮಶಿ. ಅವನು ಅಳುತ್ತಿದ್ದ, ಗಾಡಿ ಮಾತ್ರ ನೆಟ್ಟಗೆ ಹೋಗುತ್ತಿತ್ತು. “ನಾ ಎಲ್ಲೂ ನಿಂದ್ರಸಲಿಲ್ರಿ ಬಾಯಾರ.”

“ಗೊತ್ತೈತಿ ನನಗ. ದವಾಖಾನಿ ಬಾಗಲದಾಗ ನಿಂತು ನಿಮ್ಮ ಹಾದೀನಽ ನೋಡಾಕತ್ತಿದ್ದೆ.”