ಹಾಕಿದ್ದು ಹಸುವಿಗೆ, ದಕ್ಕಿದ್ದು ಕೋಳಿಗೆ

ಆ ಮನೆಯ ಕೊಟ್ಟಿಗೆಯಲ್ಲಿದ್ದದ್ದು ಒಂದೇ ಹಸು. ಹಣೆಯ ಮೇಲೆ ಬಿಳಿ ಮಚ್ಚೆ, ಹೆಸರೂ ಮಚ್ಚೆ. ಅಜ್ಜಿಗೆ ಅದೆಂದರೆ ಪಂಚಪ್ರಾಣ. ಬೆಳಿಗ್ಗೆ ಎದ್ದವಳೇ ದೊಡ್ಡ ಬೋಗುಣಿ ತುಂಬ ಒಡೆಯದ ಇಡೀ ಮೆಕ್ಕೆಜೋಳದ ಕಾಳನ್ನು ಒಂದೇ ಸಲಕ್ಕೆ ಅದರ ಮುಂದೆ ಸುರಿಯುತ್ತಿದ್ದಳು. ಹುಲ್ಲು ಏನಿದ್ದರೂ ಆಮೇಲೆ.

ಆದರೂ ಹಾಲು ಇಳಿಯುತ್ತಲೇ ಹೋಯಿತು.

"ಅಮ್ಮಾ, ಇಷ್ಟು ತಿಂದು ಇಷ್ಟೇ ಕೊಟ್ರೆ ಸಾಕೋದು ಹೇಗೆ? ಬರೋ ತಿಂಗಳು ದನದ ದಲ್ಲಾಳಿಗೆ ಬರೋಕೆ ಹೇಳಿದ್ದೀನಿ" ಎಂದ ಮಗ.

ಅಜ್ಜಿಗೆ ಅಂದು ಅನ್ನ ಇಳಿಯಲಿಲ್ಲ. ಮರುದಿನ ಮಚ್ಚೆಗೆ ಇನ್ನೆರಡು ಬೊಗಸೆ ಕಾಳು ಹೆಚ್ಚಿಗೆ ಹಾಕಿದಳು. ಹಾಲು ಇನ್ನಷ್ಟು ಇಳಿಯಿತು.

ಸೊಸೆ ಸುಮ್ಮನಿರದೆ ಜರಡಿ ಅಕ್ಕನನ್ನು ಕರೆತಂದಳು. ಈಕೆ ಪಶು ಸಂಶೋಧನಾ ಕೇಂದ್ರದವಳು. ಸ್ಕೂಟರಿನ ಹಿಂದೆ ಸದಾ ಜರಡಿ ಕಟ್ಟಿಕೊಂಡೇ ಓಡಾಡುವುದರಿಂದ ಆ ಹೆಸರು. ಬಂದವಳೇ ಸಗಣಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಹಸು ಏನು ತಿನ್ನುತ್ತೆ ಅಂತ ನನ್ನ ಕೇಳಮ್ಮ, ಹೇಳ್ತೀನಿ. ಸಗಣಿ ಯಾಕೆ ಕೆದಕ್ತೀಯ?"

"ತಿಂದದ್ದನ್ನ ನೀವು ಹೇಳ್ತೀರಿ ಅಜ್ಜಿ. ದಕ್ಕಿದ್ದನ್ನ ಸಗಣಿನೇ ಹೇಳ್ಬೇಕು. ನಮ್ಮ ಕೇಂದ್ರದಲ್ಲಿ ಇದನ್ನ ತೂಕನೂ ಮಾಡ್ತೀವಿ."

"ಸಗಣಿ ತೂಗೋಕೂ ಸಂಬಳಾನಾ!"

ಅಕ್ಕ ನಕ್ಕು, ಒಂದು ಹಿಡಿ ಸಗಣಿಯನ್ನು ಜರಡಿಗೆ ಹಾಕಿ ನೀರು ಬಿಟ್ಟಳು. ಹಸಿರು ನೀರು ಇಳಿದುಹೋಯಿತು. ಜರಡಿಯಲ್ಲಿ ಹಳದಿ ಕಾಳುಗಳು ಹಲ್ಲು ಕಿರಿದುಕೊಂಡು ಉಳಿದವು. ಎರಡು ಕೋಳಿಗಳು ಓಡೋಡಿ ಬಂದವು.

"ಅತ್ತೇ, ಇವು ತಿಪ್ಪೆ ಬಿಟ್ಟು ಯಾಕೆ ಕದಲಲ್ಲ ಅಂತ ಈಗ ಗೊತ್ತಾಯ್ತು ನೋಡಿ. ನೀವು ಸಾಕ್ತಿರೋದು ಇವನ್ನ!" ಎಂದಳು ಸೊಸೆ.

ಅಜ್ಜಿಯ ಮುಖ ಚಿಕ್ಕದಾಯಿತು. "ಹಾಗಾದ್ರೆ ನಾನು ಹಾಕಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?"

"ಎಲ್ಲಾ ಅಲ್ಲ ಅಜ್ಜಿ. ಮಚ್ಚೆಯ ಹೊಟ್ಟೇಲಿ ಕಣ್ಣಿಗೆ ಕಾಣದ ಜೀವಿಗಳ ಒಂದು ಊರೇ ಇದೆ. ಮೇವು ಅರಗಿಸೋರು ಅವರೇ. ಇಡೀ ಕಾಳು ಅವರಿಗೆ ಚಿಲಕ ಹಾಕಿದ ಮನೆ ಇದ್ದಂಗೆ. ಇನ್ನು ರಾಶಿ ಕಾಳು ಒಂದೇ ಸಲ ಬಿದ್ರೆ ಹೊಟ್ಟೆ ಹುಳಿಯಾಗುತ್ತೆ, ಆ ಊರೇ ಸೊರಗುತ್ತೆ."

"ಬಾಯಿಲ್ಲದ ಪ್ರಾಣಿ. ಕಡಿಮೆ ಹಾಕು ಅಂತೀಯಾ?"

"ದಕ್ಕೋ ಹಾಗೆ ಹಾಕಿ ಅಂತೀನಿ. ಮೊನ್ನೆ ಸೇರಿಸಿದ್ರಂತಲ್ಲ, ಆ ಎರಡು ಬೊಗಸೆ ಬಿಡಿ. ಉಳಿದದ್ದನ್ನ ತರಿತರಿಯಾಗಿ ಒಡೆಸಿ, ಮೂರು ಹೊತ್ತಿಗೆ ಹಂಚಿ. ಮೊದಲು ಕತ್ತರಿಸಿದ ಮೇವು, ಆಮೇಲೆ ಕಾಳು. ಮೆಲುಕು ಹಾಕಿದಷ್ಟೂ ಹೊಟ್ಟೆಗೆ ಒಳ್ಳೇದು. ನೀರು ಸದಾ ಮುಂದಿರಲಿ. ಆದ್ರೆ ಎಲ್ಲಾ ಒಂದೇ ದಿನ ಬದಲಾಯಿಸಬೇಡಿ. ಎರಡು ವಾರ ತಗೊಳ್ಳಿ."

ಅಂದು ಸಂಜೆಯೇ ಅಜ್ಜಿ ಮೆಕ್ಕೆಜೋಳದ ಚೀಲವನ್ನು ಗಿರಣಿಗೆ ಕಳಿಸಿದಳು.

ನಾಲ್ಕನೆಯ ವಾರ ಅವಳೇ ಅಡುಗೆಮನೆಯ ಹಳೆಯ ಜರಡಿ ಹಿಡಿದು ಸಗಣಿ ತೊಳೆದಳು. ಅಲ್ಲೊಂದು ಇಲ್ಲೊಂದು ಚೂರು ಬಿಟ್ಟರೆ ಏನೂ ನಿಲ್ಲಲಿಲ್ಲ. ಕೋಳಿಗಳು ಬಂದು ನೋಡಿ, ಮುನಿಸಿಕೊಂಡು ಹೋದವು. ಅಷ್ಟೊತ್ತಿಗೆ ಹಾಲು ದಿನಕ್ಕೆ ಒಂದೂವರೆ ಲೀಟರ್ ಏರಿತ್ತು.

ಹೇಳಿದ ದಿನ ದಲ್ಲಾಳಿ ಬಂದ. ಮಗ ತಲೆ ಕೆರೆದುಕೊಂಡು ತಾಯಿಯ ಮುಖ ನೋಡಿದ.

"ಹಸು ಕೊಡಲ್ಲಪ್ಪ. ಕೋಳಿ ಎರಡು ಬಡವಾಗಿವೆ, ಬೇಕಾದ್ರೆ ಅವನ್ನ ಕೇಳು" ಎಂದಳು ಅಜ್ಜಿ.

ನಿಮ್ಮ ಕೊಟ್ಟಿಗೆಯಲ್ಲೂ ಒಂದು ಹಿಡಿ ಸಗಣಿ ತೊಳೆದು ನೋಡಿ. ಇಡೀ ಕಾಳು ಕಂಡರೆ ಹಸುವನ್ನು ಮಾರುವ ಮಾತು ಬೇಡ. ಮೊದಲು ಮೇವು ಹಾಕುವ ರೀತಿಯನ್ನು ಬದಲಾಯಿಸಿ. ಹತ್ತಿರದ ಪಶುವೈದ್ಯರನ್ನು ಕೇಳಿ. ಪ್ರೀತಿಯಿಂದ ಹಾಕಿದ ತುತ್ತು ಹಸುವಿನ ಮೈಗೂ ಹತ್ತಲಿ.