ಒಂದು ಸಲ ತಳ್ಳಿ ನೋಡು

ಟೇಲರಿಗೆ ಕಣ್ಣಿನ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಬಗ್ಗಬೇಡಿ, ಭಾರ ಎತ್ತಬೇಡಿ, ಸುಮ್ಮನೆ ಕೂತಿರಿ ಎಂದಿದ್ದರು ಡಾಕ್ಟರು. ಮೊದಲೆರಡನ್ನು ಹೇಗೋ ಪಾಲಿಸಿದ್ದರು. ಸುಮ್ಮನೆ ಕೂರುವುದು ಮಾತ್ರ ಅವರ ಜಾಯಮಾನಕ್ಕೆ ಒಗ್ಗಲಿಲ್ಲ. ಆ ಭಾನುವಾರವಂತೂ ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರು. ಅಂಗಳದಲ್ಲಿ ಸೊಸೆ ಕಾರಿಗೆ ಜಾಕ್ ಕೊಡುತ್ತಿದ್ದಳು.

ಸೊಸೆ ಡ್ರೈವಿಂಗ್ ಸ್ಕೂಲಿನ ಮೇಡಂ. ನೆತ್ತಿಯ ಮೇಲೆ ಬೋರ್ಡು ಹೊತ್ತ ಆ ಹಳೆಯ ಬಿಳಿ ಕಾರೇ ಅವಳ ಶಾಲೆ. ಹಿಂದಿನ ದಿನ ಕಲಿಯಲು ಬಂದವರೊಬ್ಬರು ರಸ್ತೆಯ ಉಬ್ಬನ್ನು ಕುದುರೆ ಹಾರಿಸಿದ ಹಾಗೆ ಹಾರಿಸಿದ್ದರು. ಸೈಲೆನ್ಸರಿನ ಕ್ಲಾಂಪು ಮುರಿದು ಕೊಳವೆ ನೆಲಕ್ಕೆ ತಾಗಿ ಕೆರೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ, ಎರಡು ಸಲ ಫೇಲಾಗಿದ್ದ ನರ್ಸೊಬ್ಬಳಿಗೆ ಇದೇ ಕಾರಿನಲ್ಲಿ ಲೈಸೆನ್ಸ್ ಪರೀಕ್ಷೆ. ಮೆಕ್ಯಾನಿಕ್ ಊರಲ್ಲಿಲ್ಲ, ಗಂಡ ಫ್ಯಾಕ್ಟರಿಯ ಶಿಫ್ಟಿಗೆ ಹೋಗಿದ್ದ.

"ಒಂದು ಕ್ಲಾಂಪು, ಎರಡು ನಟ್ಟು. ಹದಿನೈದು ನಿಮಿಷದ ಕೆಲಸ ಮಾವ," ಎಂದಿದ್ದಳು.

ಟೇಲರು ಕಿಟಕಿಯಿಂದ ಒಂದೇ ಕಣ್ಣಲ್ಲಿ ನೋಡಿದರು. ಅಂಗಳ ಗೇಟಿನ ಕಡೆಗೆ ಇಳಿಜಾರು. ಹಿಂದಿನ ಚಕ್ರಕ್ಕೆ ಅಡ್ಡವಾಗಿ ಏನನ್ನೂ ಇಟ್ಟಿರಲಿಲ್ಲ. ಜಾಕಿನ ಪಕ್ಕದಲ್ಲಿ ಆಸರೆಗೆಂದು ತೂತಿನ ಸಿಮೆಂಟ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದಳು.

"ಚಕ್ರಕ್ಕೆ ಅಡ್ಡ ಕೊಟ್ಯಾ?"

"ಹ್ಯಾಂಡ್‌ಬ್ರೇಕ್ ಹಾಕಿದೀನಿ."

"ಆ ಇಟ್ಟಿಗೆ ಟೊಳ್ಳು ಕಣಮ್ಮ. ಭಾರ ತಡೆಯಲ್ಲ."

"ಮಾವ, ನೀವು ಒಳಗೆ ಹೋಗಿ ಕೂತ್ಕೋತೀರಾ? ಡಾಕ್ಟರು ನನ್ನನ್ನೇ ಬೈಯೋದು."

ಒಳಗೆ ಹೋದರು. ರೇಡಿಯೋ ಹಾಕಿದರು, ಆರಿಸಿದರು. ಹೊಲಿಗೆ ಮಿಷನ್ನಿನ ಮೇಲಿನ ಬಟ್ಟೆ ತೆಗೆದರು, ಮತ್ತೆ ಹೊದಿಸಿದರು. ಅಷ್ಟರಲ್ಲಿ ಅಂಗಳದಲ್ಲಿ ರಟ್ಟು ಸರಿದ ಸದ್ದಾಯಿತು. ಬಾಗಿಲಿಗೆ ಬಂದು ನೋಡಿದರೆ ಸೊಸೆ ರಟ್ಟಿನ ಮೇಲೆ ಅಂಗಾತ ಮಲಗಿ ಸೊಂಟದವರೆಗೆ ಕಾರಿನ ಅಡಿಗೆ ಜಾರಿಬಿಟ್ಟಿದ್ದಾಳೆ.

"ಹೊರಗೆ ಬಾ."

"ಐದೇ ನಿಮಿಷ!"

"ಬಾ ಅಂದೆ!"

ಕಾರಿನಡಿಯಿಂದ ಸ್ಪ್ಯಾನರಿನ ಸದ್ದು ಮಾತ್ರ ಬಂತು. ಟೇಲರು ಡಾಕ್ಟರ ಮಾತನ್ನು ಗಾಳಿಗೆ ತೂರಿ ನೆಲದ ಮೇಲೆ ಕುಕ್ಕರಿಸಿ ಕೂತು ಅವಳ ಎರಡೂ ಕಾಲು ಹಿಡಿದು ಎಳೆದರು. ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಮಾವ ಒಂದು ಸಲವೂ ಅವಳ ಮೇಲೆ ದನಿ ಎತ್ತಿದವರಲ್ಲ. ಸೊಸೆ ಗಾಬರಿಯಾಗಿ ಹೊರಗೆ ಜಾರಿಬಂದಳು. ಕೆನ್ನೆಗೆ ಮಸಿ, ಕಣ್ಣಲ್ಲಿ ಕೋಪ.

"ಏನಾಗಿದೆ ಮಾವ ನಿಮಗೆ?"

"ಒಂದು ಸಲ ತಳ್ಳಿ ನೋಡು. ಅಲ್ಲಾಡದೇ ಇದ್ರೆ ನಾನೇ ಅಡಿಗೆ ಹೋಗಿ ಮಲಗ್ತೀನಿ."

ಅವಳು ಸಿಟ್ಟಿನಲ್ಲೇ ಎದ್ದು ಕಾರಿನ ಬಾಗಿಲಿಗೆ ಎರಡೂ ಕೈಯಿಟ್ಟು ಜೋರಾಗಿ ತಳ್ಳಿದಳು.

ಕಾರು ಒಮ್ಮೆ ವಾಲಿ ಗೇಟಿನ ಕಡೆ ಜರುಗಿತು. ಜಾಕು ಓರೆಯಾಯಿತು. ಮರುಕ್ಷಣ ಇಟ್ಟಿಗೆಗಳು ಪಟಾರನೆ ಸಿಡಿದು ಕಾರು ಧೊಪ್ಪೆಂದು ಕೆಳಗೆ ಕೂತಿತು. ಅಂಗಳದ ತುಂಬ ಸಿಮೆಂಟಿನ ಧೂಳು. ಧೂಳು ಇಳಿದ ಮೇಲೆ ಸೊಸೆ ಬಗ್ಗಿ ನೋಡಿದಳು. ಅವಳ ಎದೆ ಇದ್ದ ಜಾಗದಲ್ಲಿ ಸೈಲೆನ್ಸರಿನ ಕೊಳವೆ ರಟ್ಟನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಬೈಯಿರಿ ಮಾವ. ಬೈದ್ಬಿಡಿ."

ಟೇಲರು ಬೈಯಲಿಲ್ಲ. ಅವಳ ಪಕ್ಕ ಕೂತರು, ಎದ್ದರು, ಮತ್ತೆ ಕೂತರು.

"ನಮ್ಮನೇಲಿ ಟೇಲರ್ ಆಗಿದ್ದವನು ನಾನಲ್ಲ, ನಮ್ಮಣ್ಣ," ಎಂದರು. "ನಾನು ವ್ಯಾನ್ ಓಡಿಸ್ತಿದ್ದೆ. ಒಂದಿನ ಅಡಿಯಲ್ಲಿ ಏನೋ ಬಿಚ್ಚಿಕೊಂಡಿತ್ತು. ಅಣ್ಣ ತೆಳ್ಳಗಿದ್ದ, ನಾನು ನುಗ್ಗಿ ನೋಡ್ತೀನಿ ಅಂದ. ಜಾಕ್ ಎತ್ತಿದವನು ನಾನು. ಆಸರೆ ಯಾಕೆ, ಎರಡು ನಿಮಿಷದ ಕೆಲಸ ಅಂದವನೂ ನಾನೇ."

ದೊಡ್ಡ ಮಾವನ ಬಲಗೈ ಭುಜದಿಂದ ಮೇಲಕ್ಕೆ ಏಳದಿರುವುದನ್ನು ಅವಳು ನೋಡಿದ್ದಳು. ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದಳು.

"ಆಮೇಲೆ ಅವನಿಗೆ ಕತ್ತರಿ ಹಿಡಿಯೋಕೆ ಆಗ್ಲಿಲ್ಲ. ಅವನ ಮಿಷನ್ನಿನ ಮುಂದೆ ನಾನು ಕೂತೆ. ಹೇಗೆ ಹೊಲಿಯೋದು ಅಂತ ಅವನೇ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಒಂದು ದಿನಾನೂ ಯಾಕಪ್ಪಾ ಹೀಗ್ಮಾಡಿದೆ ಅಂತ ಕೇಳಲಿಲ್ಲ. ಕೇಳಿದ್ರೆ ಚೆನ್ನಾಗಿರ್ತಿತ್ತು."

ಮೊದಲು ಎದ್ದವಳು ಸೊಸೆ.

"ಸರಿ, ಹೇಗೆ ಮಾಡ್ಬೇಕು ಹೇಳಿ. ನೀವು ಹೇಳಿದ ಹಾಗೇ ಮಾಡ್ತೀನಿ. ಆದ್ರೆ ನೀವು ಬಗ್ಗೋ ಹಾಗಿಲ್ಲ."

ಕಾರನ್ನು ಗೇಟಿನ ಹೊರಗಿನ ಸಮತಟ್ಟಾದ ಕಾಂಕ್ರೀಟಿನ ಮೇಲೆ ತಂದು ನಿಲ್ಲಿಸಿದಳು. ಹಿಂದಿನ ಬೀದಿಯ ವೆಲ್ಡರ್ ಹತ್ತಿರ ಹೋಗಿ, ಮೂರು ಕಾಲಿನ ಎರಡು ಕಬ್ಬಿಣದ ಸ್ಟ್ಯಾಂಡ್ ಕೇಳಿ ತಂದಳು. ಕಾರನ್ನು ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಳು. ಹಿಂದಿನ ಚಕ್ರಗಳ ಎರಡೂ ಬದಿಗೆ ಮರದ ತುಂಡು ಬಡಿದಳು. ಜಾಕನ್ನು ಎಲ್ಲೆಂದರಲ್ಲಿ ಕೊಡದೆ, ಬಾಗಿಲ ಕೆಳಗೆ ಅದಕ್ಕೆಂದೇ ಇರುವ ಗಟ್ಟಿ ಅಂಚಿಗೆ ಕೊಟ್ಟಳು. ಒಂದು ಬದಿ ಎತ್ತಿ ಸ್ಟ್ಯಾಂಡ್, ಆಮೇಲೆ ಇನ್ನೊಂದು ಬದಿಗೆ. ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಕೂತ ಮೇಲೂ ಜಾಕನ್ನು ತೆಗೆಯಲು ಟೇಲರು ಬಿಡಲಿಲ್ಲ. ಸ್ಟೆಪ್ನಿ ಚಕ್ರವನ್ನೂ ಅಡಿಗೆ ತಳ್ಳಿಸಿದರು.

"ಇನ್ನು ಮನೆಯ ಬೀರುವನ್ನೂ ತಂದಿಡ್ಲಾ ಮಾವ?"

"ಬಾಗಿಲಲ್ಲಿ ಹಿಡಿಸಲ್ಲ, ಇಲ್ದಿದ್ರೆ ಇಡಿಸ್ತಿದ್ದೆ. ಈಗ ತಳ್ಳು."

ತಳ್ಳಿದಳು. ಕಾರು ಬಂಡೆಯಂತೆ ನಿಂತಿತ್ತು. ಇನ್ನೊಂದು ಬದಿಯಿಂದ ತಳ್ಳಿದಳು. ಆಮೇಲೆ ಟೇಲರೇ ಬೆನ್ನು ಕೊಟ್ಟು ಒರಗಿ ನೋಡಿ, ತಲೆಯಾಡಿಸಿದರು.

ಅವಳು ಅಡಿಗೆ ಹೋದ ಮೇಲೆ ಅವರ ಕಾಲು ಒಂದು ಕಡೆ ನಿಲ್ಲಲಿಲ್ಲ. ಕಾರಿನ ಸುತ್ತ ಸುತ್ತಿದರು. ಸುತ್ತಿಗೊಮ್ಮೆ ಮರದ ತುಂಡನ್ನು ಚಪ್ಪಲಿಯಿಂದ ಒತ್ತಿ ನೋಡಿದರು.

"ಇದ್ದೀಯಾ?"

"ಇದ್ದೀನಿ ಮಾವ."

"ಈಗ?"

"ಈಗ್ಲೂ ಇದ್ದೀನಿ!"

ಕೊಳವೆ ಬಗ್ಗಿದ್ದರಿಂದ ಹದಿನೈದು ನಿಮಿಷದ ಕೆಲಸ ಒಂದೂವರೆ ಗಂಟೆ ಹಿಡಿಯಿತು. ಕಾರು ಕೆಳಗಿಳಿದು ಎಂಜಿನ್ ಸದ್ದು ಮೆತ್ತಗಾಯಿತು. ಸೊಸೆ ಸ್ನಾನಕ್ಕೆ ಹೋದಳು. ಟೇಲರು ಫೋನು ಕೈಗೆತ್ತಿಕೊಂಡರು, ಇಟ್ಟರು, ಮತ್ತೆ ತೆಗೆದು ಬೇರೆ ಊರಿನಲ್ಲಿದ್ದ ಅಣ್ಣನಿಗೆ ಮಾಡಿದರು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು.

"ಹುಡುಗಿಗೆ ಏನೂ ಆಗ್ಲಿಲ್ಲ ತಾನೇ?" ಅಣ್ಣ ಕೇಳಿದರು.

"ಇಲ್ಲ."

"ಮತ್ಯಾಕೆ ಮೂಗು ಎಳೀತಿದ್ದೀಯ?"

"ಅಣ್ಣಾ, ಅವತ್ತು ನಾನು..."

"ಗೊತ್ತು ಕಣೋ," ಅಂದರು ಅಣ್ಣ. ಆಮೇಲೆ, "ಸರಿ, ಹೇಳು. ಪೂರ್ತಿ ಹೇಳು. ಕೇಳ್ತೀನಿ," ಅಂದರು.

ಟೇಲರು ಫೋನನ್ನು ಕಿವಿಗೆ ಒತ್ತಿಕೊಂಡು ಬೀದಿಗಿಳಿದು ನಡೆಯುತ್ತ ಹೇಳತೊಡಗಿದರು.